‘ಛಲೋ ಹೇಳ್ತಾರ’

ನಮ್ಮ ಕಡೆ ಒಬ್ಬ ಮಾಸ್ತರರ ಯೋಗ್ಯತೆಯನ್ನು ಎರಡೇ ಮಾತಿನಲ್ಲಿ ತೀರ್ಮಾನ ಮಾಡಿಬಿಡುತ್ತಾರೆ. ಒಂದು, ‘ಛಲೋ ಹೇಳ್ತಾರ’. ಇನ್ನೊಂದು, ‘ಹೇಳಾಕ ಬರೂದಿಲ್ಲ’. ಈ ಎರಡರಲ್ಲೂ ಕಲಿಸುವುದು ಎಂಬ ಶಬ್ದವೇ ಇಲ್ಲ, ನೋಡಿ. ಪುರಾಣ ಹೇಳುತ್ತಾರೆ, ಕಣಿ ಹೇಳುತ್ತಾರೆ, ಅದೇ ರೀತಿ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನೂ ಹೇಳುತ್ತಾರೆ. ಕೇಳುವವರ ಕೆಲಸ ಕೇಳುವುದು.

ಲಕ್ಕಲಕಟ್ಟಿಯಂಥ ಊರುಗಳಿಂದ ಗಜೇಂದ್ರಗಡಕ್ಕೆ, ನರೇಗಲ್ಲಿಗೆ, ರೋಣಕ್ಕೆ ಬಸ್ಸು ಹಿಡಿದು ಡಿಗ್ರಿ ಕಾಲೇಜಿಗೆ ಹೋಗುವ ಹುಡುಗಿಯರಲ್ಲಿ ಬಹಳ ಮಂದಿ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಓದಿದವರು. ಸಿಕ್ಕಾಗ ಕೇಳುತ್ತೇನೆ, ‘ಹ್ಯಾಂಗ ನಡದೈತಿವಾ ಕಾಲೇಜು?’

‘ಹಿಸ್ಟರಿ ಸರ್ ಭಾಳ ಛಲೋ ಹೇಳ್ತಾರ್ರೀ ಅಕ್ಕಾರ.’

‘ಈ ವಾರ ಏನ್ ಹೇಳಿದ್ರು?’

ಹುಡುಗಿ ನಗುತ್ತಾಳೆ. ಬ್ಯಾಗಿಗೆ ಕೈ ಹಾಕುತ್ತಾಳೆ. ಉತ್ತರ ನೋಟ್‌ಬುಕ್ಕಿನಲ್ಲಿದೆ, ಅವಳಲ್ಲಿಲ್ಲ.

ಬಿ.ಎ., ಬಿ.ಎಡ್. ಮಾಡಿಕೊಂಡು ಹೈಸ್ಕೂಲಿನಲ್ಲಿ ಸೀಮೆಸುಣ್ಣ ಸವೆಸುವವಳಿಗೆ ಕಾಲೇಜಿನ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ನಾವು ಹತ್ತನೆಯ ಇಯತ್ತೆಯವರೆಗೆ ಕೈಹಿಡಿದು ತಂದ ಹುಡುಗಿಯರು ಅಲ್ಲಿಗೇ ಹೋಗುತ್ತಾರೆ, ಆದ್ದರಿಂದ. ಹುಡುಗ ಎರಡು ವಿಷಯ ಉಳಿಸಿಕೊಂಡರೆ ಮತ್ತೊಮ್ಮೆ ಪರೀಕ್ಷೆ ಕಟ್ಟುತ್ತಾನೆ. ಹುಡುಗಿ ಎರಡು ವಿಷಯ ಉಳಿಸಿಕೊಂಡರೆ ಮನೆಯಲ್ಲಿ ವರ ನೋಡಲು ಶುರುವಾಗುತ್ತದೆ. ‘ಓದೂದು ಅಕಿ ಹಣ್ಯಾಗಿಲ್ಲ ಬಿಡ್ರಿ’ ಎಂದು ತಾಯಿಯೇ ನನ್ನೆದುರು ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೇನೋ! ಹಣೆಯನ್ನು ಬೈಯುವ ಮೊದಲು ಪಾಠದ ರೀತಿಯನ್ನು ಒಮ್ಮೆ ತಪಾಸಣೆ ಮಾಡಬಾರದೇ ಎನ್ನುವುದಷ್ಟೇ ನನ್ನ ತಕರಾರು.

ಈ ತಪಾಸಣೆಯನ್ನು ಬೇರೆ ಕಡೆ ಮಾಡಿದ್ದಾರೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತಗಳ ಕಾಲೇಜು ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಅವರ ಜೊತೆಗಾರರು 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಮೇಷ್ಟರು ಹೇಳುತ್ತ ಹೋಗುವ, ಮಕ್ಕಳು ಕೇಳುತ್ತ ಕೂರುವ ತರಗತಿಗಳಲ್ಲಿ ನಪಾಸಾದವರು ಸರಾಸರಿ ಶೇಕಡಾ 34ರಷ್ಟು. ನಡುನಡುವೆ ಪ್ರಶ್ನೆ, ಚರ್ಚೆ, ಕೈಯಿಂದ ಮಾಡಿಸುವ ಕೆಲಸ ಇರುವ ತರಗತಿಗಳಲ್ಲಿ ಶೇಕಡಾ 22ರಷ್ಟು. ನೂರು ಮಕ್ಕಳ ಒಂದು ತರಗತಿಯೆಂದು ಇಟ್ಟುಕೊಳ್ಳಿ, 12 ಮಕ್ಕಳ ವ್ಯತ್ಯಾಸ. ನಮ್ಮ ಕಡೆಯ ಲೆಕ್ಕದಲ್ಲಿ ಅದರಲ್ಲಿ ಎಷ್ಟು ಹುಡುಗಿಯರ ಲಗ್ನ ಮುಂದೆ ಹೋಗುತ್ತಿತ್ತೋ ನೀವೇ ಎಣಿಸಿಕೊಳ್ಳಿ.

ಇದೆಲ್ಲ ಗೊತ್ತಿದ್ದೂ ಏಕೆ ಬದಲಾಗುವುದಿಲ್ಲ? ಸಂಬಳ, ಕಟ್ಟಡ, ಸರ್ಕಾರ ಎಂದು ಕಾರಣಗಳ ಪಟ್ಟಿ ಉದ್ದವಾಗಿದೆ. ಅವುಗಳಿಗೆ ಆಮೇಲೆ ಬರುತ್ತೇನೆ. ಎಲ್ಲಕ್ಕಿಂತ ಮೊದಲನೆಯ ಕಾರಣ ಮಾತ್ರ ಆ ‘ಛಲೋ ಹೇಳ್ತಾರ’ ಎನ್ನುವ ಮಾತಿನಲ್ಲೇ ಅಡಗಿದೆ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಯಲ್ಲಿ ನಡೆದ ಪ್ರಯೋಗವೊಂದರ ವರದಿ ಪ್ರಕಟವಾಯಿತು. ಅಲ್ಲಿ ಒಂದೇ ಪಾಠವನ್ನು ಎರಡು ರೀತಿಯಲ್ಲಿ ಮಾಡಿದರು. ಒಂದು ಗುಂಪಿಗೆ ನುರಿತ ಅಧ್ಯಾಪಕರಿಂದ ಸೊಗಸಾದ ಉಪನ್ಯಾಸ. ಇನ್ನೊಂದು ಗುಂಪಿಗೆ ಅದೇ ಲೆಕ್ಕಗಳನ್ನು ಕೊಟ್ಟು, ಮೊದಲು ನೀವೇ ತಿಣುಕಿ ಎಂದು ಬಿಟ್ಟು, ಆಮೇಲೆ ಬಿಡಿಸಿ ತೋರಿಸಿದರು. ಕೊನೆಗೆ ಪರೀಕ್ಷೆ ಕೊಟ್ಟರೆ ತಿಣುಕಿದವರೇ ಹೆಚ್ಚು ಕಲಿತಿದ್ದರು. ಆದರೆ ‘ನೀವು ಎಷ್ಟು ಕಲಿತಿರಿ ಅನ್ನಿಸುತ್ತದೆ?’ ಎಂದು ಕೇಳಿದಾಗ, ಬಹಳ ಕಲಿತೆವು ಎಂದವರು ಉಪನ್ಯಾಸ ಕೇಳಿದವರು!

ನನಗೆ ಇದನ್ನು ಓದಿದಾಗ ನೆನಪಾದದ್ದು ನಮ್ಮ ಶ್ರಾವಣ ಮಾಸ. ತಿಂಗಳಿಡೀ ಸಂಜೆ ಮಠದಲ್ಲಿ ಪ್ರವಚನ. ನಾವು ಹೆಣ್ಣುಮಕ್ಕಳೆಲ್ಲ ಅಡಿಗೆ ಮುಗಿಸಿ, ಸೆರಗು ಸರಿಮಾಡಿಕೊಂಡು ಹೋಗಿ ಕೂರುತ್ತೇವೆ. ಹೇಳುವವರ ಕಂಠ, ನಡುವೆ ಬರುವ ಉಪಕಥೆ, ತಬಲಾದ ಸಾಥು ಎಲ್ಲ ಸೇರಿ ಮನಸ್ಸು ತುಂಬಿ ಬರುತ್ತದೆ. ‘ಏನ್ ಹೇಳಿದರವಾ ಇವತ್ತ!’ ಎಂದುಕೊಳ್ಳುತ್ತ ಮನೆಗೆ ಬರುತ್ತೇವೆ. ಮರುದಿನ ಹಿಟ್ಟು ಬೀಸಲಿಕ್ಕೆ ಗಿರಣಿಗೆ ಹೋದಾಗ ಯಾರಾದರೂ, ನಿನ್ನೆ ಏನು ಹೇಳಿದರು ಎಂದು ಕೇಳಿದರೆ ಉಪಕಥೆಯೊಂದೇ ನೆನಪು. ಪ್ರವಚನಕ್ಕೆ ಅದರಿಂದ ಕುಂದಿಲ್ಲ. ಮನಸ್ಸಿಗೆ ಸಮಾಧಾನ ಕೊಡುವುದು ಅದರ ಕೆಲಸ, ಅದು ಆಯಿತು. ಯಾರೂ ನಮಗೆ ಪ್ರವಚನದ ಮೇಲೆ ಎಂಬತ್ತು ಅಂಕದ ಪರೀಕ್ಷೆ ಇಡುವುದಿಲ್ಲ.

ಕಾಲೇಜಿನ ಹುಡುಗಿಗೆ ಪರೀಕ್ಷೆ ಇದೆ. ಕೇಳುವಾಗ ಎಲ್ಲ ತಿಳಿದಂತೆ ಆಗುವುದು ಹೇಳುವವರ ನಿರರ್ಗಳತೆಯ ಪ್ರಭಾವ. ತನ್ನ ತಿಳಿವಳಿಕೆಯೆಂದು ಹುಡುಗಿ ಭ್ರಮಿಸುತ್ತಾಳೆ. ಕಾಲೇಜುಗಳ ಗುಣಮಟ್ಟ ಅಳೆಯುವುದಕ್ಕೆ 1994ರಲ್ಲಿ ನ್ಯಾಕ್ ಎಂಬ ಸಂಸ್ಥೆ ಹುಟ್ಟಿತು; ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ನ್ಯಾಕಿಗೆ ತೋರಿಸಲು ಎಲ್ಲ ಕಾಲೇಜುಗಳೂ ವಿದ್ಯಾರ್ಥಿಗಳಿಂದ ಅಭಿಪ್ರಾಯದ ಫಾರ್ಮು ತುಂಬಿಸಿಕೊಳ್ಳುತ್ತವೆ. ಮಕ್ಕಳ ಮಾತು ಕೇಳುವುದು ಒಳ್ಳೆಯದೇ. ಆದರೆ ಆ ಫಾರ್ಮು ಅಳೆಯುವುದು ‘ಛಲೋ ಹೇಳ್ತಾರ’ ಎಂಬುದನ್ನೋ, ‘ನಾ ಕಲಿತೆ’ ಎಂಬುದನ್ನೋ? ಹಾರ್ವರ್ಡಿನ ಮಕ್ಕಳೇ ಈ ಎರಡನ್ನು ಅದಲುಬದಲು ಮಾಡಿಕೊಂಡರೆಂದ ಮೇಲೆ ನಮ್ಮ ಮಕ್ಕಳ ಮೇಲೆ ಆ ಭಾರ ಹೊರಿಸುವುದು ಎಷ್ಟು ಸರಿ?

ಮನೆಯಲ್ಲಿ ಓದುವ ರೀತಿಯದೂ ಇದೇ ಕಥೆ. ಪರೀಕ್ಷೆ ಬಂತೆಂದರೆ ನೋಟ್ಸನ್ನು ಎದುರಿಗಿಟ್ಟುಕೊಂಡು ಮೊದಲ ಪುಟದಿಂದ ಕೊನೆಯ ಪುಟಕ್ಕೆ, ಮತ್ತೆ ಮೊದಲಿನಿಂದ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಮಕ್ಕಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ನಾಲ್ಕು ಸರದಿ ಓದಿದರು. ಕೆಲವರು ಒಂದೇ ಸರದಿ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಮೂರು ಸಲ ಬರೆದರು. ಐದು ನಿಮಿಷದ ನಂತರ ಕೇಳಿದರೆ ನಾಲ್ಕು ಸರದಿ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ಅವರಲ್ಲಿ ಉಳಿದದ್ದು ಶೇಕಡಾ 40. ಮುಚ್ಚಿಟ್ಟು ನೆನೆಸಿಕೊಂಡವರಲ್ಲಿ ಉಳಿದದ್ದು ಶೇಕಡಾ 61. ಇಲ್ಲೂ ಅದೇ ವಿಚಿತ್ರ: ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ಧೈರ್ಯದಿಂದ ಹೇಳಿದವರು ಬರೀ ಓದಿದವರು.

ನಮ್ಮ ಹಳೆಯ ಗಾಂವಠಿ ಸಾಲಿಯಲ್ಲಿ ಇದಕ್ಕೊಂದು ಹೆಸರೇ ಇತ್ತು, ಒಪ್ಪಿಸುವುದು. ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು. ಪುಸ್ತಕ ಗುರುಗಳ ಕೈಯಲ್ಲಿ, ಪಾಠ ಮಗುವಿನ ಬಾಯಲ್ಲಿ. ನಮ್ಮ ಅವ್ವಂದಿರು ಬೀಸುವ ಪದಗಳನ್ನು, ಸೋಬಾನೆ ಪದಗಳನ್ನು ನೂರಾರು ನುಡಿ ಕಲಿತದ್ದೂ ಹಾಗೆಯೇ. ಬರೆದುಕೊಳ್ಳಲು ಅಕ್ಷರ ಬರುತ್ತಿರಲಿಲ್ಲ, ಹಾಡಿಯೇ ಉಳಿಸಿಕೊಳ್ಳಬೇಕಿತ್ತು. ನಾವು ನೋಟ್ಸು ಬಂದ ಮೇಲೆ ಒಪ್ಪಿಸುವುದನ್ನು ಬಿಟ್ಟೆವು. ಆದರೆ ಹಳೆಯದನ್ನೆಲ್ಲ ಹೊಗಳುವ ಹುಮ್ಮಸ್ಸಿನಲ್ಲಿ ಒಂದು ಮಾತು ಮರೆಯಬಾರದು. ಒಪ್ಪಿಸುವುದು ಗಿಳಿಪಾಠವಾದದ್ದೂ ಉಂಟು, ಅದರ ಜೊತೆಗೆ ಬೆತ್ತವೂ ಇತ್ತು. ನೆನಪಿನಿಂದ ತೆಗೆಯುವುದು ಒಂದು ಕೆಲಸ, ತೆಗೆದದ್ದರ ಅರ್ಥ ತಿಳಿಯುವುದು ಇನ್ನೊಂದು.

ಆ ಎರಡನೆಯ ಕೆಲಸದ ಬಗ್ಗೆ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಹೇಳಿಕೊಂಡಿರುವ ಸಂಗತಿ ನನಗೆ ಬಹಳ ಇಷ್ಟ. ಅವರೂ ಹಾರ್ವರ್ಡಿನವರೇ, ‘ಛಲೋ ಹೇಳುವವರು’ ಎಂದು ಮಕ್ಕಳಿಂದ ಹೆಸರು ಪಡೆದವರು. ಅವರ ವಿದ್ಯಾರ್ಥಿಗಳು ಪುಟಗಟ್ಟಲೆ ಲೆಕ್ಕ ಬಿಡಿಸುತ್ತಿದ್ದರು. ಆದರೆ ದೊಡ್ಡ ಲಾರಿಯೂ ಸಣ್ಣ ಕಾರೂ ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂಥ ಸಾದಾ ಪ್ರಶ್ನೆಗೆ ತಡಬಡಾಯಿಸಿದರು. (ಎರಡರ ಬಲವೂ ಸಮವೇ. ನಮ್ಮ ಎಂಟನೆಯ ಇಯತ್ತೆಯ ಹುಡುಗರು ಮಾತ್ರ ಇದನ್ನು ಕಡೆಯತನಕ ಒಪ್ಪುವುದಿಲ್ಲ.) 1991ರಿಂದ ಅವರು ಪಾಠದ ರೀತಿಯನ್ನೇ ತಿರುಗಿಸಿದರು. ಸ್ವಲ್ಪ ಹೇಳುವುದು, ಒಂದು ಪ್ರಶ್ನೆ ಹಾಕುವುದು, ಪ್ರತಿಯೊಬ್ಬರೂ ಉತ್ತರ ಆರಿಸಿಕೊಳ್ಳುವುದು, ಆಮೇಲೆ ಪಕ್ಕದವರಿಗೆ ತನ್ನ ಉತ್ತರವೇ ಸರಿ ಎಂದು ಒಪ್ಪಿಸಲು ನೋಡುವುದು, ಮತ್ತೆ ಉತ್ತರ ಹೇಳುವುದು. ಇದಕ್ಕೆ ಬೇಕಾದ ಸಾಮಾನು ಒಂದು ಒಳ್ಳೆಯ ಪ್ರಶ್ನೆ, ಪಕ್ಕದಲ್ಲೊಬ್ಬ ಗೆಳತಿ.

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ‘ಸಂಶೋಧನೆ ಹೇಳುತ್ತದೆ’ ಎಂದು ಶುರುವಾಗುವ ಮಾತೆಲ್ಲ ಸಂಶೋಧನೆಯಲ್ಲ. ಓದಿದ್ದರಲ್ಲಿ ಶೇಕಡಾ 10, ಕೇಳಿದ್ದರಲ್ಲಿ ಶೇಕಡಾ 20, ನೋಡಿದ್ದರಲ್ಲಿ ಶೇಕಡಾ 30 ನೆನಪಿರುತ್ತದೆ ಎಂಬ ಗೋಪುರದ ಚಿತ್ರವನ್ನು ತರಬೇತಿಗಳಲ್ಲಿ ನಮಗೆಲ್ಲ ತೋರಿಸಿದ್ದಾರೆ. ಅಷ್ಟು ದುಂಡಾದ ಅಂಕಿ ಯಾವ ಪ್ರಯೋಗದಿಂದಲೂ ಬಂದದ್ದಲ್ಲ. ಹಾಗೆಯೇ ಕೆಲವು ಮಕ್ಕಳು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ, ಕೆಲವರು ಕೈಯಿಂದ, ಅವರವರಿಗೆ ತಕ್ಕಂತೆ ಬೇರೆ ಬೇರೆ ಕಲಿಸಬೇಕು ಎನ್ನುವುದು. 2008ರಲ್ಲಿ ನಾಲ್ವರು ಮನಶ್ಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನು ಜಾಲಾಡಿ, ಇದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ ಎಂದರು. ಚಹಾ ಬಿಸ್ಕತ್ತಿನ ಜೊತೆಗೆ ಕೊಟ್ಟದ್ದನ್ನೆಲ್ಲ ನಂಬಬೇಕಿಲ್ಲ.

ಈಗ ಒಂದು ಕನ್ನಡ ಪುಸ್ತಕದ ಮಾತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮಲ್ಲಿ ಬಹಳ ಮಂದಿ ಓದಿರುವ ಪುಸ್ತಕ. 1978ರಲ್ಲಿ ಅದಕ್ಕೆ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಡಿ.ವಿ.ಜಿ.ಯವರ ಮಗ, ದೊಡ್ಡ ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರು, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಗಳ ಕಾಡುಮೇಡು ಅಲೆದ ಕಥೆ. ಅದನ್ನು ಹಾಸ್ಯಕ್ಕಾಗಿ ಮೆಚ್ಚುತ್ತಾರೆ, ಗಿಡಮರಗಳ ಮಾಹಿತಿಗಾಗಿ ಮೆಚ್ಚುತ್ತಾರೆ, ಅವರೇ ಬರೆದ ಚಿತ್ರಗಳಿಗಾಗಿ ಮೆಚ್ಚುತ್ತಾರೆ. ಅದೊಂದು ಪಾಠ ಮಾಡುವ ಕ್ರಮದ ಪುಸ್ತಕ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನನಗೆ ಅದು ಹಾಗೆಯೇ ಕಾಣುತ್ತದೆ.

ಏಕೆಂದರೆ ಅಲ್ಲಿ ಗಿಡ ಮೊದಲು, ಹೆಸರು ಆಮೇಲೆ. ನೋಡು, ಮುಟ್ಟು, ಮೂಸು, ಊಹಿಸು. ತಪ್ಪು ಹೇಳಿದರೆ ತಮಾಷೆಗೆ ಗುರಿಯಾಗು. ಆಮೇಲೆ ಆ ಉದ್ದನೆಯ ಲ್ಯಾಟಿನ್ ಹೆಸರು. ಆ ಹೆಸರೂ ಬರೀ ಬಾಯಿಪಾಠವಾಗದೆ, ಯಾಕೆ ಆ ಹೆಸರು ಬಂತು ಎಂಬ ಕಥೆಯೊಂದಿಗೆ ಕೂಡಿಕೊಳ್ಳುತ್ತದೆ. ಇವತ್ತು ಹಣ ಖರ್ಚುಮಾಡಿ ಪ್ರಯೋಗ ನಡೆಸಿ ಕಂಡುಕೊಂಡದ್ದನ್ನು ಸ್ವಾಮಿಯವರು ಬೆಟ್ಟ ಹತ್ತುತ್ತ, ನಗುತ್ತ ಮಾಡುತ್ತಿದ್ದರು. ಅವರದೇ ‘ಕಾಲೇಜು ರಂಗ’ವನ್ನು ಇದರ ಪಕ್ಕದಲ್ಲಿಟ್ಟು ಓದಿ. ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ್ದರಿಂದ ಅದು ನಿಮಗೆ ಪರಿಚಯವಿರಬಹುದು. ಒಂದರಲ್ಲಿ ಗೋಡೆಯೊಳಗಿನ ಕಾಲೇಜಿನ ರಾಜಕೀಯಕ್ಕೆ ಚಾಟಿ. ಇನ್ನೊಂದರಲ್ಲಿ ಗೋಡೆಯೇ ಇಲ್ಲದ ಕಾಲೇಜಿನ ಸಂತೋಷ.

ಮೆಚ್ಚಿದ ಪುಸ್ತಕದ ಮೇಲೂ ನನಗೆ ಎರಡು ಆಕ್ಷೇಪಗಳಿವೆ. ಒಂದು, ಎಲ್ಲವನ್ನೂ ಮೇಷ್ಟರ ಕಣ್ಣಿನಿಂದ ನೋಡುತ್ತೇವೆ. ಮಕ್ಕಳು ಏನು ಕಲಿತರು, ಎಷ್ಟು ದಿನ ಉಳಿಯಿತು ಎಂಬುದಕ್ಕೆ ಮೇಷ್ಟರ ಮಾತೇ ಸಾಕ್ಷಿ. ಎರಡನೆಯದು, ತಪ್ಪು ಹೇಳಿ ನಗೆಗೆ ಗುರಿಯಾಗುವುದು ಧೈರ್ಯದ ಹುಡುಗರಿಗೆ ಆಟ. ನಮ್ಮ ಊರಿನ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗಿಗೆ ಅದು ಆಟವಲ್ಲ. ಒಮ್ಮೆ ನಕ್ಕರೆ ಮೂರು ವರ್ಷ ಬಾಯಿ ತೆರೆಯುವುದಿಲ್ಲ. ಸ್ವಾಮಿಯವರ ಕ್ರಮ ನಮಗೆ ಬೇಕು, ಅವರ ತಮಾಷೆಯ ಮೊನೆಯನ್ನು ಸ್ವಲ್ಪ ಮೊಂಡು ಮಾಡಿಕೊಂಡು ಬೇಕು.

ನಮ್ಮ ಕಡೆ ಇದು ಸಾಧ್ಯವೇ? ಕಾಡು ಬೇಕಿಲ್ಲ. ಗಜೇಂದ್ರಗಡದ ಸುತ್ತಿನ ಹುಡುಗಿಯರಿಗೆ ಸೂಡಿ ಏನು ದೂರ? ಜೋಡು ಕಳಸದ ಗುಡಿ, ನಾಗಕುಂಡ ಅಲ್ಲಿವೆ. ಕಲ್ಯಾಣ ಚಾಲುಕ್ಯರ ಜಯಸಿಂಹನ ಅಕ್ಕ ಅಕ್ಕಾದೇವಿ ಹನ್ನೊಂದನೆಯ ಶತಮಾನದಲ್ಲಿ ಈ ಕಿಸುಕಾಡು ಎಪ್ಪತ್ತು ಎಂಬ ಪ್ರಾಂತವನ್ನು ಆಳಿದವಳು, ಯುದ್ಧಕ್ಕೆ ಹೋದವಳು. ಸೂಡಿಯ ಶಾಸನಗಳಲ್ಲಿ ಅವಳ ಹೆಸರಿದೆ. ಬಿ.ಎ. ಇತಿಹಾಸದ ಹುಡುಗಿಯರು ‘ಅಕ್ಕಾದೇವಿ: ಟಿಪ್ಪಣಿ ಬರೆಯಿರಿ’ ಎಂದು ಐದು ಅಂಕಕ್ಕೆ ಬಾಯಿಪಾಠ ಮಾಡುತ್ತಾರೆ. ಆ ಊರಿನ ಮೇಲಿನಿಂದ ಹೋಗುವ ಬಸ್ಸಿನಲ್ಲಿ ಕೂತೇ ಬಾಯಿಪಾಠ ಮಾಡುತ್ತಾರೆ! ಒಂದು ದಿನ ಅವರನ್ನು ಕರೆದೊಯ್ದು, ಶಾಸನದ ಕಲ್ಲಿನ ಎದುರು ನಿಲ್ಲಿಸಿ, ‘ಒಬ್ಬ ಹೆಣ್ಣುಮಗಳ ಹೆಸರನ್ನು ಕಲ್ಲಿನ ಮೇಲೆ ಯಾಕೆ ಕೆತ್ತಿಸಿದರು? ನಿಮ್ಮ ಊಹೆ ಹೇಳಿ’ ಎಂದು ಕೇಳಿದರೆ ಸಾಕು. ಉತ್ತರ ಸರಿಯೋ ತಪ್ಪೋ, ಅಂದು ರಾತ್ರಿ ಮನೆಯಲ್ಲಿ ಅಜ್ಜಿಯ ಮುಂದೆ ಅಕ್ಕಾದೇವಿಯ ಮಾತು ಬಂದೇ ಬರುತ್ತದೆ.

ದಿನಾ ಸೂಡಿಗೆ ಹೋಗಲಾಗುವುದಿಲ್ಲ, ಒಪ್ಪಿದೆ. ದಿನದ ತರಗತಿಯಲ್ಲಿ ಐದು ನಿಮಿಷ ಸಾಕು: ನಿನ್ನೆಯ ಪಾಠದ ಮೂರು ಮಾತು ನೋಟ್ಸು ನೋಡದೆ ಚೀಟಿಯಲ್ಲಿ ಬರೆಯಿರಿ. ಪಕ್ಕದವಳ ಚೀಟಿಯ ಜೊತೆ ಹೋಲಿಸಿ. ಇದಕ್ಕೆ ಅಂಕ ಇಡಬೇಡಿ. ‘ಯಾರಿಗಾದರೂ ಡೌಟ್ ಇದೆಯಾ?’ ಎಂದು ಇಡೀ ತರಗತಿಗೆ ಕೇಳುವುದನ್ನು ಮಾತ್ರ ದಯವಿಟ್ಟು ಬಿಡಿ. ಆ ಪ್ರಶ್ನೆಗೆ ಮುಂದಿನ ಬೆಂಚಿನ ಇಬ್ಬರು ಹುಡುಗರ ವಿನಾ ಯಾರೂ ಉತ್ತರ ಕೊಟ್ಟದ್ದು ನಾನು ಕಂಡಿಲ್ಲ. ಇದು ನಮ್ಮೂರ ಸಂಕೋಚ ಎಂದುಕೊಂಡಿದ್ದೆವು. ಆದರೆ ಅಮೆರಿಕದ ಜೀವಶಾಸ್ತ್ರದ ಕಾಲೇಜು ತರಗತಿಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಡುಗಿಯರು ಶೇಕಡಾ 60ರಷ್ಟಿದ್ದರೂ ಕೇಳಿಬಂದ ದನಿಗಳಲ್ಲಿ ಅವರದು ಶೇಕಡಾ 40ಕ್ಕೂ ಕಡಿಮೆ. ಹೆಸರುಗಳ ಚೀಟಿ ಡಬ್ಬಿಯಲ್ಲಿ ಹಾಕಿ ಎತ್ತಿ ಕೇಳಿ. ಮೊದಲು ಗೆಳತಿಯ ಜೊತೆ ಮಾತಾಡಿಕೊಳ್ಳಲು ಎರಡು ನಿಮಿಷ ಕೊಟ್ಟಿದ್ದರೆ ಯಾವ ಹುಡುಗಿಯೂ ಬೆವರುವುದಿಲ್ಲ. 2020ರ ಇನ್ನೊಂದು ದೊಡ್ಡ ಅಧ್ಯಯನ ನನಗೆ ಬಹಳ ಮುಖ್ಯವೆನಿಸಿತು. ಇಂಥ ತರಗತಿಗಳಿಂದ ಎಲ್ಲರಿಗೂ ಲಾಭವಿದ್ದರೂ, ಬಡತನದಿಂದ ಬಂದವರಿಗೆ, ಹಿಂದೆ ಉಳಿದ ಸಮುದಾಯಗಳ ಮಕ್ಕಳಿಗೆ ಹೆಚ್ಚು ಲಾಭ. ಪಾಸಾಗುವುದರಲ್ಲಿ ಅವರಿಗೂ ಉಳಿದವರಿಗೂ ಇದ್ದ ಅಂತರ ಶೇಕಡಾ 45ರಷ್ಟು ತಗ್ಗಿತು. ಟ್ಯೂಷನ್ನಿಗೆ ಹೋಗಲಾರದ ಮಗುವಿಗೆ ತರಗತಿಯೇ ಎಲ್ಲ, ಅಲ್ಲವೇ?

ಇವೆಲ್ಲ ಅಮೆರಿಕದ್ದು, ಅದರಲ್ಲೂ ಬಹುಪಾಲು ವಿಜ್ಞಾನದ ತರಗತಿಗಳದ್ದು ಎಂದು ನೀವು ಹೇಳಿದರೆ ನನ್ನ ತಕರಾರಿಲ್ಲ. ಕನ್ನಡ ಮಾಧ್ಯಮದ ಬಿ.ಎ. ತರಗತಿಗೆ ಆ ಅಂಕಿಗಳನ್ನು ಹಾಗೆಯೇ ಎತ್ತಿ ಹಚ್ಚಲಾಗದು. ನಮ್ಮ ತೊಂದರೆಗಳೂ ನಮ್ಮವೇ. ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ದುಡಿಮೆ ಮನೆಯಾಳಿನದು. 2023ರ ಕೊನೆಯಲ್ಲಿ ಅವರು ಕೆಲಸ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಹೊರಗೆ ಕೂತಾಗ ವಾರಗಟ್ಟಲೆ ಪಾಠವೇ ನಡೆಯಲಿಲ್ಲ. ಇದರ ಜೊತೆಗೆ 2021ರಲ್ಲಿ ದೇಶದಲ್ಲೇ ಮೊದಲು ಎಂದು ಹೊಸ ಶಿಕ್ಷಣ ನೀತಿ ತಂದು ನಾಲ್ಕು ವರ್ಷದ ಪದವಿ ಮಾಡಿದರು. 2024ರಲ್ಲಿ ಅದನ್ನು ತೆಗೆದು ಮೂರು ವರ್ಷಕ್ಕೆ ತಂದರು. ಪಠ್ಯ ಎರಡು ಸಲ ಬದಲಾಯಿತು. ನೋಟ್ಸು ಬರೆಸುವುದು ಬದಲಾಗಲಿಲ್ಲ.

ಮಾಸ್ತರರನ್ನಷ್ಟೇ ಬೈದು ಕೈತೊಳೆದುಕೊಳ್ಳುವುದು ಹಾಗಾಗಿ ಅನ್ಯಾಯ. ಆದರೂ ಒಂದು ಮಾತು ನಿಷ್ಠುರವಾಗಿ ಹೇಳಲೇಬೇಕು. ನೋಟ್ಸು ಬರೆಸುವುದಕ್ಕೂ ಒಂದು ತಾಸು ಬೇಕು, ಪ್ರಶ್ನೆ ಕೇಳುವುದಕ್ಕೂ ಒಂದೇ ತಾಸು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವುದನ್ನು ಬರೆಸಲು ಎಂ.ಎ. ಓದಿದವರು ಏಕೆ ಬೇಕು?

ಮನೆಯಲ್ಲಿ ನಾವು ಮಾಡಬಹುದಾದದ್ದೂ ಇದೆ, ಅದಕ್ಕೆ ನಮ್ಮ ಓದು ಅಡ್ಡಿಯಾಗದು. ನೀವು ರೊಟ್ಟಿ ಬಡಿಯುತ್ತಿರುವಾಗ ಮಗಳು ಪಕ್ಕದಲ್ಲಿ ನೋಟ್ಸು ಹಿಡಿದು ಕೂತಿದ್ದರೆ, ‘ಪುಸ್ತಕ ಮುಚ್ಚು, ಏನಂತ ಐತಿ ಹೇಳು ನೋಡೂಣು’ ಎನ್ನಿ. ನಿಮಗೆ ಅರ್ಥವಾಗದಿದ್ದರೆ ಇನ್ನೂ ಒಳ್ಳೆಯದು, ‘ನನಗ ತಿಳೀಲಿಲ್ಲ, ಇನ್ನೊಮ್ಮೆ ಹೇಳು’ ಎನ್ನಬಹುದು. ಎರಡನೆಯ ಸಲ ಅವಳಿಗೇ ತಿಳಿಯುತ್ತದೆ. ಮೂರು ದಿನ ಬಿಟ್ಟು ಮತ್ತೆ ಅದನ್ನೇ ಕೇಳಿ. ಸಿಡಿಮಿಡಿ ಮಾಡುತ್ತಾಳೆ, ಮಾಡಲಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೋದ ವರ್ಷ ಹುರುಪಿನಿಂದ ಈ ಚೀಟಿ, ಪ್ರಶ್ನೆ, ಜೋಡಿ ಮಾತು ಎಲ್ಲ ಶುರು ಮಾಡಿದಳು. ತಿಂಗಳೊಪ್ಪತ್ತಿನಲ್ಲಿ ಮಕ್ಕಳು ಪ್ರಿನ್ಸಿಪಾಲರ ಕೋಣೆಗೆ ಹೋದರು: ‘ಮೇಡಂ ಪಾಠ ಮಾಡೂದಿಲ್ರೀ, ನಮ್ಮನ್ನs ಕೇಳ್ತಾರ.’ ಅಭಿಪ್ರಾಯದ ಫಾರ್ಮಿನಲ್ಲಿ ಅವಳಿಗೆ ಎಲ್ಲರಿಗಿಂತ ಕಡಿಮೆ ಬಂತು. ಮುಂದಿನ ವರ್ಷ ಅವಳನ್ನು ಮತ್ತೆ ಕರೆಯಬೇಕೋ ಬೇಡವೋ ಎಂಬುದಕ್ಕೆ ಆ ಫಾರ್ಮನ್ನೂ ನೋಡುತ್ತಾರೆ ಎಂದು ಅವಳ ಭಯ. ಪರೀಕ್ಷೆಯಲ್ಲಿ ಅವಳ ವಿಷಯದಲ್ಲಿ ಉಳಿದವರು ಮೂವರೇ. ಅದನ್ನು ಕೇಳುವ ಅಂಕಣ ಫಾರ್ಮಿನಲ್ಲಿಲ್ಲ.

ಈ ವರ್ಷ ಅವಳು ಒಂದು ರಾಜಿಗೆ ಬಂದಿದ್ದಾಳೆ. ಮೊದಲ ದಿನವೇ ಮಕ್ಕಳಿಗೆ ಆ ಹಾರ್ವರ್ಡಿನ ಪ್ರಯೋಗದ ಕಥೆ ಹೇಳಿದಳಂತೆ. ನಿಮಗೆ ಕಲಿತಿಲ್ಲ ಅನ್ನಿಸುತ್ತದೆ, ಆದರೆ ಕಲಿತಿರುತ್ತೀರಿ ಎಂದು. ಕೆಲವರು ನಂಬಿದ್ದಾರೆ, ಕೆಲವರು ಇಲ್ಲ. ಕೊನೆಯ ಹತ್ತು ನಿಮಿಷ ನೋಟ್ಸು ಬರೆಸುತ್ತಾಳೆ. ‘ಆ ಹತ್ತು ನಿಮಿಷ ನನ್ನ ನೌಕರಿಗೆ ಅಕ್ಕಾರ, ಉಳಿದದ್ದು ಅವರಿಗೆ’ ಎಂದಳು. ಫಾರ್ಮು ಈ ಸಲ ಮಾರ್ಚಿನಲ್ಲಿ ತುಂಬಿಸುತ್ತಾರಂತೆ.